ಫೈಬ್ರಾಯ್ಡ್‌ಗೆ ಹೊಟ್ಟೆ ಕೊಯ್ಯದ ಚಿಕಿತ್ಸೆ: ಡಾಕ್ಟರ ಹತ್ತಿರ ಏನೇನು ಹಿಡ್ಕೊಂಡು ಹೋಗಬೇಕು?

ಸ್ಕ್ಯಾನಿಂಗ್ ರಿಪೋರ್ಟಲ್ಲಿ "ಫೈಬ್ರಾಯ್ಡ್, 5.2 ಸೆಂ.ಮೀ." ಅಂತ ಬಂದಿರುತ್ತೆ. ಫೈಬ್ರಾಯ್ಡ್ ಅಂದ್ರೆ ಗರ್ಭಕೋಶದಲ್ಲಿ ಬೆಳೆಯೋ, ಕ್ಯಾನ್ಸರ್ ಅಲ್ಲದ ಗಡ್ಡೆ. ಮನೆಯವರ ಕಣ್ಣೆಲ್ಲ ಆ 5.2 ಮೇಲೆ. ಆದರೆ ಯಾವ ಚಿಕಿತ್ಸೆ ನಿಮಗೆ ಒಗ್ಗುತ್ತೆ ಅನ್ನೋದನ್ನ ಅಳತೆಗಿಂತ ಹೆಚ್ಚಾಗಿ ಗಡ್ಡೆ ಇರೋ ಜಾಗ ತೀರ್ಮಾನಿಸುತ್ತೆ. ಗರ್ಭಕೋಶದ ಒಳಪೊಳ್ಳಿಗೆ ಚಾಚಿರೋ 2 ಸೆಂ.ಮೀ. ಗಡ್ಡೆ ತಿಂಗಳು ತಿಂಗಳು ರಕ್ತ ಸುರಿಸಬಹುದು. ಹೊರಮೈಯಲ್ಲಿ ಬೆಳೆದ 6 ಸೆಂ.ಮೀ. ಗಡ್ಡೆ ಸುಮ್ಮನೆ ಕೂತಿರಬಹುದು.

ಜಾಗ ಹೇಳೋಕೆ ಡಾಕ್ಟರುಗಳು ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ವರ್ಗೀಕರಣ ಬಳಸ್ತಾರೆ, 0ಯಿಂದ 8ರವರೆಗೆ. 0, 1, 2 ಅಂದ್ರೆ ಒಳಪದರದ ಕಡೆಯವು. 3 ಮತ್ತು 4 ಗೋಡೆಯೊಳಗಿನವು. 5, 6, 7 ಹೊರಮೈ ಕಡೆಯವು. 8 ಅಂದ್ರೆ ಗರ್ಭಕಂಠದಂಥ ಬೇರೆ ಜಾಗದವು. ರಿಪೋರ್ಟಲ್ಲಿ ಈ ನಂಬರ್ ಇಲ್ಲದಿದ್ರೆ ಸ್ಕ್ಯಾನ್ ಮಾಡಿದವರನ್ನೇ ಕೇಳಿ ಬರೆಸಿ. ಎಷ್ಟು ಗಡ್ಡೆ ಇವೆ, ಪ್ರತಿಯೊಂದರ ಅಳತೆ ಎಷ್ಟು ಅನ್ನೋದೂ ಇರಲಿ. ಎಂಆರ್‌ಐ ಆಗಿದ್ರೆ ರಿಪೋರ್ಟ್ ಹಾಳೆ ಸಾಲದು, ಸಿಡಿ ತಗೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿದ ಫಿಲಂ ಫೋಟೋ ನೋಡಿ ಯಾರೂ ಸರ್ಜರಿ ಪ್ಲಾನ್ ಮಾಡೋಕಾಗಲ್ಲ.

ಇನ್ನು ರಕ್ತಸ್ರಾವ. "ತುಂಬಾ ಹೋಗುತ್ತೆ ಡಾಕ್ಟ್ರೇ" ಅಂದ್ರೆ ಅವರಿಗೆ ಎಷ್ಟು ಅಂತ ಗೊತ್ತಾಗಲ್ಲ. ಲೆಕ್ಕ ಇಡೋಕೆ ಸುಲಭದ ಚಾರ್ಟ್ ಒಂದಿದೆ. ಪ್ಯಾಡಲ್ಲಿ ಬರೀ ಕಲೆ ಇದ್ರೆ 1 ಅಂಕ, ಅರ್ಧಂಬರ್ಧ ನೆನೆದಿದ್ರೆ 5, ಪೂರ್ತಿ ತೊಯ್ದಿದ್ರೆ 20. ಸಣ್ಣ ಹೆಪ್ಪು ಬಿದ್ರೆ 1, ದೊಡ್ಡದಾದ್ರೆ 5. ಒಂದು ಮುಟ್ಟಿನ ಎಲ್ಲ ದಿನಗಳನ್ನ ಕೂಡಿ. ಮೊತ್ತ 100 ದಾಟಿದ್ರೆ ಸುಮಾರು 80 ಮಿ.ಲೀ.ಗಿಂತ ಹೆಚ್ಚು ರಕ್ತ ಹೋಗ್ತಿದೆ ಅಂತ ಅಂದಾಜು, ಅದು ಅತಿಸ್ರಾವ. ಎರಡು ಮುಟ್ಟಿನ ಲೆಕ್ಕ ಇದ್ರೆ ಒಳ್ಳೇದು. ಪ್ಯಾಡ್ ಕಂಪನಿ ನಡುವೆ ಬದಲಾಯಿಸಬೇಡಿ, ಹೀರೋ ಪ್ರಮಾಣ ಬೇರೆಯಾಗಿ ಅಂಕ ತಪ್ಪುತ್ತೆ.

ಭೇಟಿಗೆ ಮುಂಚೆ ಮೂರು ರಕ್ತಪರೀಕ್ಷೆ ಮಾಡಿಸಿಕೊಳ್ಳಿ: ಸಿಬಿಸಿ (ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್), ಫೆರಿಟಿನ್ (ದೇಹದಲ್ಲಿರೋ ಕಬ್ಬಿಣದ ಸಂಗ್ರಹ), ಟಿಎಸ್‌ಎಚ್ (ಥೈರಾಯ್ಡ್). ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ರೆ ರಕ್ತಹೀನತೆ. 7, 8ಕ್ಕೆ ಇಳಿದಿದ್ರೆ ಮೊದಲು ಅದನ್ನ ಏರಿಸಬೇಕು, ಹಾಗಾಗಿ ಸರ್ಜರಿ ಮುಂದಕ್ಕೆ ಹೋಗುತ್ತೆ. ಕಬ್ಬಿಣದ ಮಾತ್ರೆಯನ್ನ ಕಾಫಿ, ಟೀ, ಹಾಲಿನ ಜೊತೆ ನುಂಗಿದ್ರೆ ಹೀರಿಕೆ ಕುಗ್ಗುತ್ತೆ. ಮಾತ್ರೆಗೂ ಬೆಳಗಿನ ಕಾಫಿಗೂ ಒಂದೆರಡು ಗಂಟೆ ಅಂತರ ಬಿಡಿ. ಮಾತ್ರೆ ತಡ್ಕೊಳ್ಳಕ್ಕಾಗದಿದ್ರೆ ಅಥವಾ ಸಮಯ ಇಲ್ಲದಿದ್ರೆ ಡ್ರಿಪ್ ಮೂಲಕ ಕೊಡೋ ಕಬ್ಬಿಣದ ಬಗ್ಗೆ ಕೇಳಿ. 45 ದಾಟಿ ಸ್ರಾವ ಹೆಚ್ಚಿದ್ರೆ ಗರ್ಭಕೋಶದ ಒಳಪದರದ ಬಯಾಪ್ಸಿ (ಚೂರು ತೆಗೆದು ಮಾಡೋ ಪರೀಕ್ಷೆ) ಬೇಕಾ ಅಂತಲೂ ಕೇಳಿ. ಫೈಬ್ರಾಯ್ಡ್ ಕಂಡಿದೆ ಅಂದ ಮಾತ್ರಕ್ಕೆ ರಕ್ತ ಅದರಿಂದಲೇ ಹೋಗ್ತಿದೆ ಅಂತ ಆಗಲ್ಲ.

ಈಗ ಆಯ್ಕೆಗಳು. 0, 1 ಮತ್ತು ಕೆಲವು 2ನೇ ಟೈಪ್ ಗಡ್ಡೆಗಳಿಗೆ ಹಿಸ್ಟಿರೋಸ್ಕೋಪಿ: ಯೋನಿಯ ಮೂಲಕ ಕ್ಯಾಮರಾ ಹಾಕಿ ಕೆರೆದು ತೆಗೀತಾರೆ, ಹೊಟ್ಟೆ ಮೇಲೆ ಗಾಯವೇ ಇರಲ್ಲ. ಗೋಡೆಯೊಳಗಿನವು, ಹೊರಮೈಯವಕ್ಕೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದ್ರೆ ಹೊಟ್ಟೆ ಮೇಲಿನ ಸಣ್ಣ ತೂತುಗಳಿಂದ ಕ್ಯಾಮರಾ, ಉಪಕರಣ ಹಾಕಿ, ಗಡ್ಡೆ ಮಾತ್ರ ತೆಗೆಯಬಹುದು. ಇಲ್ಲಿ ಕೇಳಲೇಬೇಕಾದ್ದು: "ಗಡ್ಡೆನ ಹೊರಗೆ ತೆಗೆಯೋವಾಗ ಚೀಲದೊಳಗೆ ಹಾಕಿ ತುಂಡು ಮಾಡ್ತೀರಾ?" ಗಡ್ಡೆ ಅಂದ್ಕೊಂಡದ್ದು ಅಪರೂಪಕ್ಕೆ ಕ್ಯಾನ್ಸರ್ ಆಗಿದ್ರೆ, ಚೀಲವಿಲ್ಲದೆ ಯಂತ್ರದಿಂದ ಕತ್ತರಿಸಿದಾಗ ಕಣಗಳು ಹೊಟ್ಟೆಯೊಳಗೆ ಹರಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ.

ಇನ್ನೊಂದು ಆಯ್ಕೆ ಎಂಬೋಲೈಸೇಷನ್, ಅಂದ್ರೆ ಗಡ್ಡೆಗೆ ಹೋಗೋ ರಕ್ತವನ್ನ ತಡೆಯೋದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದ್ರೆ ಬಹಳ ಜನರ ಕಿವಿಗೆ ಇದು ಬೀಳೋದೇ ಇಲ್ಲ. ಇದನ್ನ ಮಾಡೋರು ಸ್ತ್ರೀರೋಗ ತಜ್ಞರಲ್ಲ, ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ (ಎಕ್ಸ್‌ರೇ, ಸ್ಕ್ಯಾನ್ ನೋಡ್ತಾ ನಳಿಕೆಯಿಂದ ಚಿಕಿತ್ಸೆ ಮಾಡೋ ತಜ್ಞರು). ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳು ನಳಿಕೆ ತೂರಿಸಿ, ಗರ್ಭಕೋಶದ ಅಪಧಮನಿಗೆ ಮರಳಿನ ಕಾಳಿನಂಥ ಕಣಗಳನ್ನ ಬಿಡ್ತಾರೆ. ರಕ್ತ ಸಿಗದೆ ಗಡ್ಡೆ ತಿಂಗಳುಗಳಲ್ಲಿ ಕುಗ್ಗುತ್ತೆ, ಆದರೆ ಪೂರ್ತಿ ಮಾಯ ಆಗಲ್ಲ. ಮೊದಲ ದಿನ ನೋವು ಜೋರಾಗೇ ಇರುತ್ತೆ, ಆಮೇಲೆ ಸಣ್ಣ ಜ್ವರ, ವಾಕರಿಕೆ ಇರಬಹುದು. ನೋವಿಗೆ ಏನು ಕೊಡ್ತಾರೆ ಅಂತ ಮೊದಲೇ ತಿಳ್ಕೊಳ್ಳಿ. ಮುಂದೆ ಮಗು ಬೇಕು ಅನ್ನೋರಿಗೆ ಸಾಮಾನ್ಯವಾಗಿ ಇದು ಮೊದಲ ಆಯ್ಕೆ ಅಲ್ಲ.

ಅದಕ್ಕೇ ಮಗುವಿನ ವಿಚಾರವನ್ನ ಮುಜುಗರವಿಲ್ಲದೆ ಮೊದಲೇ ಹೇಳಿಬಿಡಿ, ಅತ್ತೆ ಅಥವಾ ಗಂಡ ಪಕ್ಕದಲ್ಲಿದ್ರೂ. ಮಾತಾಡೋದು ಕಷ್ಟ ಅನ್ಸಿದ್ರೆ ಐದು ನಿಮಿಷ ಒಬ್ಬರೇ ಮಾತಾಡಬೇಕು ಅಂತ ನರ್ಸ್‌ಗೆ ಹೇಳಿ. ಗೋಡೆಯಿಂದ ಆಳದ ಗಡ್ಡೆ ತೆಗೆಸಿದ್ರೆ ಎಷ್ಟು ತಿಂಗಳು ಕಾಯಬೇಕು, ಹೆರಿಗೆ ಸಿಸೇರಿಯನ್ನೇ ಆಗಬೇಕಾ ಅನ್ನೋದು ಹೊಲಿಗೆಯ ಆಳದ ಮೇಲೆ ನಿಂತಿದೆ. ಸರ್ಜರಿ ಆದ್ಮೇಲೆ ಆಪರೇಷನ್ ನೋಟ್ಸ್ ಪ್ರತಿ ಕೇಳಿ ಪಡೀರಿ. ಮುಂದೆ ಹೆರಿಗೆ ಮಾಡಿಸೋ ಡಾಕ್ಟರಿಗೆ ಅದೇ ಬೇಕು.

"ಮಕ್ಕಳಾಗಿದೆಯಲ್ಲ, ಗರ್ಭಕೋಶನೇ ತೆಗೆಸಿಬಿಡಿ" ಅನ್ನೋ ಸಲಹೆ ಮೊದಲ ಭೇಟಿಯಲ್ಲೇ ಬಂದ್ರೆ, "ಬೇರೆ ಯಾವ ಚಿಕಿತ್ಸೆ ನನಗೆ ಆಗಲ್ಲ, ಯಾಕೆ ಆಗಲ್ಲ?" ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ತೆಗೆಸೋದೇ ಸರಿ ಅನ್ನೋ ಸಂದರ್ಭಗಳೂ ಇವೆ, ಅದರಲ್ಲಿ ಅನುಮಾನ ಬೇಡ. ಆದರೆ ಅನಗತ್ಯವಾಗಿ ತೆಗೆಯೋದನ್ನ ತಡೆಯೋಕಂತಲೇ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನ ರಾಜ್ಯಗಳು ಪಾಲಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಣ ಕೇಳೋ ಹಕ್ಕು ನಿಮಗಿದೆ, ಎರಡನೇ ಅಭಿಪ್ರಾಯ ಪಡೆಯೋ ಹಕ್ಕೂ ಇದೆ.

ವಿಮೆ ಇದ್ರೆ ಪಾಲಿಸಿಯಲ್ಲಿ ಕಾಯುವ ಅವಧಿ ನೋಡಿ, ಹಲವು ಪಾಲಿಸಿಗಳಲ್ಲಿ ಫೈಬ್ರಾಯ್ಡ್‌ಗೆ ಅದು ಎರಡು ವರ್ಷ. ರಕ್ತ ತೆಳುವಾಗಿಸೋ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಏನೇ ಇದ್ರೂ ಪಟ್ಟಿ ತಗೊಂಡು ಹೋಗಿ, ಆದ್ರೆ ನೀವಾಗೇ ನಿಲ್ಲಿಸಬೇಡಿ. ಹೊರಡೋ ಮುಂಚೆ ಕೊನೇ ಪ್ರಶ್ನೆ: ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮೇಲೆ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಕೆಟ್ಟ ವಾಸನೆಯ ಸ್ರಾವ ಬಂದ್ರೆ, ಗಂಟೆಗೊಂದು ಪ್ಯಾಡ್ ತೊಯ್ದ್ರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಆ ನಂಬರ್ ಅವತ್ತೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ.