ಗಿಫ್ಟ್: ಉಡುಗೊರೆ, ವಿಷ, ಮದುವೆ

ಕೇಳುಗರೆಲ್ಲರಿಗೂ ನಮಸ್ಕಾರ. ಇಂಗ್ಲಿಷಿನಲ್ಲಿ ಉಡುಗೊರೆಯನ್ನು ಸೂಚಿಸುವ 'ಗಿಫ್ಟ್' ಎಂಬ ಪದಕ್ಕೆ ಜರ್ಮನ್ ಭಾಷೆಯಲ್ಲಿ ವಿಷವೆಂದು ಅರ್ಥ. ಸ್ವೀಡಿಷ್ ಭಾಷೆಯಲ್ಲಿ ವಿಷವೆಂಬ ಅರ್ಥದೊಂದಿಗೆ 'ಮದುವೆಯಾದ' ಎಂಬ ಅರ್ಥವೂ ಉಂಟು. ಇದನ್ನು ವಿಚಿತ್ರವೆಂದು ನಕ್ಕು ಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಈ ಮೂರೂ ಅರ್ಥಗಳು ಒಂದೇ ಬೇರಿನಿಂದ ಚಿಗುರಿದವು, ಮತ್ತು ಆ ಬೇರಿನ ಅರ್ಥ 'ಕೊಡು' ಎಂಬುದು.

ನನ್ನ ವಿದ್ಯಾರ್ಥಿನಿಯೊಬ್ಬಳು ಸ್ಟುಟ್‌ಗಾರ್ಟ್ ನಗರದಲ್ಲಿ ಓದುತ್ತಿದ್ದಾಗ, ಊರಿನಿಂದ ತಂದ ಮೈಸೂರುಪಾಕಿನ ಡಬ್ಬಿಗೆ ಬಣ್ಣದ ಕಾಗದ ಸುತ್ತಿ, ಮೇಲೆ ಅಂದವಾಗಿ 'ಗಿಫ್ಟ್' ಎಂದು ಬರೆದು ಮನೆಯೊಡತಿಗೆ ಕೊಟ್ಟಳಂತೆ. ಆ ವೃದ್ಧೆ ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಬಾರಿ ಓದಿ, ಮಾತಿಲ್ಲದೆ ನೆಲಮಾಳಿಗೆಗೆ ಇಳಿದು ಹೋಗಿ, ತಲೆಬುರುಡೆಯ ಚಿತ್ರವಿದ್ದ ಇಲಿಪಾಷಾಣದ ಪೊಟ್ಟಣವನ್ನು ತಂದು ಡಬ್ಬಿಯ ಪಕ್ಕದಲ್ಲಿಟ್ಟರಂತೆ. ಅದರ ಮೇಲೂ ಅದೇ ಪದವಿತ್ತು. ಇಬ್ಬರೂ ಮನಸಾರೆ ನಕ್ಕ ಮೇಲೆ ಆಕೆ ಪೆಟ್ಟಿಗೆಯೊಂದನ್ನು ತೆರೆದು, ಅಂಚಿಗೆ ಕಸೂತಿ ಹಾಕಿದ ಬಿಳಿಯ ಮೇಜುವಸ್ತ್ರಗಳನ್ನು ತೋರಿಸಿ, ಇವು ತನ್ನ ತಾಯಿಯ 'ಮಿಟ್‌ಗಿಫ್ಟ್' ಎಂದರಂತೆ. 'ಮಿಟ್' ಎಂದರೆ ಜೊತೆಗೆ. ಮಗಳ ಜೊತೆಗೆ ಕೊಟ್ಟದ್ದು, ಅಂದರೆ ನಮ್ಮ ಬಳುವಳಿ. ವಿಷವೆಂಬ ಅರ್ಥವೇ ಮೇಲುಗೈಯಾದ ಭಾಷೆಯಲ್ಲಿ ಹಳೆಯ 'ಕೊಡು' ಆ ಪೆಟ್ಟಿಗೆಯೊಳಗೆ ಹಾಗೆಯೇ ಉಳಿದಿತ್ತು. ಈ ಪ್ರಸಂಗವನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ.

ಹಾಗಾದರೆ ವಿಷ ಎಲ್ಲಿಂದ ಬಂತು? ಗ್ರೀಕ್ ಭಾಷೆಯಲ್ಲಿ 'ಡೋಸಿಸ್' ಎಂದರೆ ಕೊಡುವಿಕೆ. ವೈದ್ಯರು ರೋಗಿಗೆ ಒಮ್ಮೆಗೆ ಕೊಡುವ ಔಷಧದ ಪ್ರಮಾಣಕ್ಕೆ ಆ ಹೆಸರು ನಿಂತಿತು; ಲಸಿಕೆಯ 'ಡೋಸ್' ಎಂದು ನಾವಿಂದು ಹೇಳುವುದೂ ಅದನ್ನೇ. ಲ್ಯಾಟಿನ್ ಮೂಲಕ ಬಂದ ಈ ಪದದ ಮಾದರಿಯಲ್ಲಿ ಜರ್ಮನ್ನರು ತಮ್ಮ 'ಗಿಫ್ಟ್' ಪದವನ್ನು ಬಳಸಿದರು, ಮತ್ತು ಪ್ರಾಣ ತೆಗೆಯುವ ವಸ್ತುವಿನ ಹೆಸರನ್ನು ನೇರವಾಗಿ ಹೇಳಲು ಅಳುಕಿದವರು 'ಕೊಟ್ಟದ್ದು' ಎಂದಷ್ಟೇ ಹೇಳಿ ಸುಮ್ಮನಾದರು. ನಮ್ಮಲ್ಲಿಯೂ 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎನ್ನುವಾಗ ಮದ್ದು ಎಂಬುದು ಔಷಧವಲ್ಲವಷ್ಟೆ.

ಮದುವೆಯ ಅರ್ಥವಂತೂ ಕನ್ನಡಿಗರಿಗೆ ವಿವರಿಸಬೇಕಾದುದೇ ಇಲ್ಲ. 'ಮಗಳನ್ನು ಯಾವ ಊರಿಗೆ ಕೊಟ್ಟಿರಿ?' ಎಂದು ನಾವು ಕೇಳುತ್ತೇವೆ; ಸ್ವೀಡಿಷ್ ಪದ ಹುಟ್ಟಿದ್ದೂ ಹೀಗೆಯೇ, ಕೊಡಲ್ಪಟ್ಟವಳು ಎಂದು. ಇಂದು ಅದನ್ನು ಗಂಡಿಗೂ ಹೆಣ್ಣಿಗೂ ಸಮನಾಗಿ ಹೇಳುತ್ತಾರೆ.

ಸಮಯ ಕಡಿಮೆಯಿರುವುದರಿಂದ ಇಂಗ್ಲಿಷಿನ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಈ ಪದವನ್ನು 'ಯಿಫ್ಟ್' ಎನ್ನುತ್ತಿದ್ದರು, ಮತ್ತು ಅದರ ಅರ್ಥ ವಧುವಿಗಾಗಿ ತೆರುವ ಹಣ, ಅಂದರೆ ನಮ್ಮ ತೆರ. ಬಹುವಚನದಲ್ಲಿ ಮದುವೆಯೆಂದೇ ಅರ್ಥ. ಇಂದಿನ ಗಕಾರದ ಉಚ್ಚಾರಣೆ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಭಾಷೆಯಿಂದ ಬಂದದ್ದು. ಡಚ್ಚರು ಮಾತ್ರ ಗೊಂದಲವೇ ಬೇಡವೆಂಬಂತೆ ಕೊಡುಗೆಗೆ ಕೊನೆಯ ಟಕಾರವನ್ನು ಉಳಿಸಿಕೊಂಡು, ವಿಷಕ್ಕೆ ಅದನ್ನು ಕೈಬಿಟ್ಟು 'ಗಿಫ್' ಎನ್ನುತ್ತಾರೆ. ನಮಸ್ಕಾರ.