ಮಗುವಿನ ಮಲದಲ್ಲಿ ರಕ್ತ: ಕಾರಣ ಹುಡುಕುವ ಬಗೆ

ಕೇಳುಗರಿಗೆ ನಮಸ್ಕಾರ.

ಮಗುವಿನ ಮಲದಲ್ಲಿ ಕೆಂಪು ಕಂಡೊಡನೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಆದರೆ ಬೀಟ್‌ರೂಟ್, ಬಣ್ಣ ಬೆರೆಸಿದ ತಿನಿಸು, ಕೆಲವು ಔಷಧಗಳೂ ಮಲವನ್ನು ಕೆಂಪಾಗಿಸಬಲ್ಲವಾದ್ದರಿಂದ, ಅದು ರಕ್ತವೇ ಎಂಬುದನ್ನು ಮೊದಲು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಮಲ ಅಂಟಿದ ಬಟ್ಟೆಯನ್ನು ಒಗೆದುಬಿಡದೆ ವೈದ್ಯರಿಗೆ ತೋರಿಸುವುದು ಲೇಸು. ಅವರು ನಾಡಿಯ ವೇಗವನ್ನೂ ಕೈಕಾಲುಗಳ ಬಿಸಿಯನ್ನೂ ಮೊದಲು ಗಮನಿಸುತ್ತಾರೆ. ಏಕೆಂದರೆ ಮಕ್ಕಳಲ್ಲಿ ರಕ್ತದೊತ್ತಡ ಕುಸಿಯುವುದು ತೀರ ತಡವಾಗಿ, ಹಿಮೋಗ್ಲೋಬಿನ್ ಪ್ರಮಾಣವೂ ಆರಂಭದ ಗಂಟೆಗಳಲ್ಲಿ ನಷ್ಟದ ನಿಜವಾದ ಅಳತೆಯನ್ನು ಹೇಳುವುದಿಲ್ಲ.

ಅನಂತರದ ದಾರಿಯನ್ನು ಬಹುಮಟ್ಟಿಗೆ ವಯಸ್ಸೇ ತೋರಿಸುತ್ತದೆ. ಆರೋಗ್ಯವಾಗಿರುವ ನವಜಾತ ಶಿಶುವಿನ ಮಲದಲ್ಲಿ ಕಾಣುವುದು ಹೆರಿಗೆಯಲ್ಲೋ ಬಿರಿದ ಮೊಲೆತೊಟ್ಟಿನಿಂದಲೋ ನುಂಗಿದ ತಾಯಿಯ ರಕ್ತವೇ ಆಗಿರಬಹುದು. ಕ್ಷಾರ ಬೆರೆಸಿದಾಗ ತಾಯಿಯ ರಕ್ತ ಕಂದುಹಳದಿಗೆ ತಿರುಗುತ್ತದೆ, ಶಿಶುವಿನದು ಗುಲಾಬಿಯಾಗಿಯೇ ಉಳಿಯುತ್ತದೆ. ಹೊಟ್ಟೆ ಉಬ್ಬಿದ್ದರೆ ಅಥವಾ ವಾಂತಿ ಹಸಿರಾಗಿದ್ದರೆ ಮಾತು ಬೇರೆ: ಕರುಳು ಕೊಳೆಯುತ್ತಿರಬಹುದು, ತಿರುಚಿಕೊಂಡಿರಬಹುದು; ಆಗ ಒಂದು ಗಂಟೆಯ ವಿಳಂಬವೂ ದುಬಾರಿ.

ತುಸು ದೊಡ್ಡ ಕೂಸಿನಲ್ಲಿ, ಗಟ್ಟಿ ಮಲದ ಹೊರಮೈಗೆ ರಕ್ತದ ಗೆರೆ ಅಂಟಿದ್ದರೆ ಅದು ಹೆಚ್ಚಾಗಿ ಗುದದ್ವಾರದ ಬಿರುಕು. ನಗುನಗುತ್ತ ಬೆಳೆಯುತ್ತಿರುವ ಕೂಸಿನ ಮಲದಲ್ಲಿ ಲೋಳೆಯೊಡನೆ ರಕ್ತದ ಎಳೆಗಳಿದ್ದರೆ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿಯನ್ನು ಶಂಕಿಸಬೇಕು. ಹಸುವಿನ ಹಾಲನ್ನು ಬಿಡಿಸಿದಾಗ ರಕ್ತ ನಿಂತು, ಮತ್ತೆ ಕೊಟ್ಟಾಗ ಮರುಕಳಿಸಿದರೆ ರೋಗನಿರ್ಣಯ ಆದಂತೆಯೇ.

ಹೆಚ್ಚು ಎಚ್ಚರ ಬೇಡುವುದು ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿಕೊಳ್ಳುವ ಇಂಟಸಸೆಪ್ಷನ್. ಕೂಸು ಕಾಲು ಮಡಚಿ ಕಿರುಚುತ್ತದೆ, ಕೆಲವು ನಿಮಿಷಗಳಲ್ಲಿ ಸುಮ್ಮನಾಗಿ ಸೋತು ಮಲಗುತ್ತದೆ, ಮತ್ತೆ ಕಿರುಚುತ್ತದೆ. ಲೋಳೆ ಬೆರೆತ ಕಡುಗೆಂಪು ಮಲವನ್ನು ಪಠ್ಯಪುಸ್ತಕಗಳು ಎಷ್ಟೇ ವರ್ಣಿಸಲಿ, ಅದು ಬಹಳ ವೇಳೆ ತಡವಾಗಿ ಬರುವ ಲಕ್ಷಣ. ಅದಕ್ಕಾಗಿ ಕಾಯದೆ ಅಲ್ಟ್ರಾಸೌಂಡ್ ಮಾಡಿಸಬೇಕು. ಸಕಾಲದಲ್ಲಿ ಪತ್ತೆಯಾದರೆ ಗುದದ್ವಾರದ ಮೂಲಕ ಗಾಳಿಯ ಒತ್ತಡ ಕೊಟ್ಟೇ ಕರುಳನ್ನು ಬಿಡಿಸುವುದು ಅನೇಕ ವೇಳೆ ಸಾಧ್ಯ.

ಜ್ವರ, ಹೊಟ್ಟೆನುಲಿತಗಳೊಡನೆ ರಕ್ತಭೇದಿಯಾದರೆ ಸಾಮಾನ್ಯವಾಗಿ ಸೋಂಕು. ಬೆನ್ನಿಗೇ ಮಗು ಬಿಳಿಚಿಕೊಂಡು ಮೂತ್ರ ಕಡಿಮೆಯಾದರೆ ಮೂತ್ರಪಿಂಡಗಳನ್ನು ಪರೀಕ್ಷಿಸಲೇಬೇಕು. ದೊಡ್ಡ ಮಕ್ಕಳಲ್ಲಿ ತೂಕ ಇಳಿದು ಬೆಳವಣಿಗೆ ಕುಂಠಿತವಾಗಿದ್ದರೆ ಕರುಳಿನ ದೀರ್ಘಕಾಲದ ಉರಿಯೂತವನ್ನು ಹುಡುಕಬೇಕು.

ನೋವಿಲ್ಲದ ರಕ್ತಸ್ರಾವದಲ್ಲಿ ಎರಡು ಸಾಧ್ಯತೆಗಳು ಮುಖ್ಯ. ಮಲದೊಡನೆ ಆಗಾಗ ತುಸು ರಕ್ತ ಹೋಗುತ್ತಿದ್ದರೆ ಕರುಳಿನ ಒಳಪೊರೆಯಲ್ಲಿ ಬೆಳೆಯುವ ಗಂಟು, ಅಂದರೆ ಪಾಲಿಪ್ ಇರಬಹುದು. ಗುದದ್ವಾರದಿಂದ ಕ್ಯಾಮೆರಾ ನಳಿಗೆ ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಅದನ್ನು ತೋರಿಸಿ ತೆಗೆದೂ ಬಿಡುತ್ತದೆ. ಹಠಾತ್ತನೆ ಧಾರಾಳವಾಗಿ ಹೋದರೆ ಸಣ್ಣ ಕರುಳಿಗೆ ಅಂಟಿಕೊಂಡಿರುವ ಮೆಕೆಲ್ ಚೀಲವನ್ನು ಶಂಕಿಸಬೇಕು. ಸುಮಾರು 100ರಲ್ಲಿ 2 ಜನರಲ್ಲಿ ಹುಟ್ಟಿನಿಂದ ಉಳಿದುಬರುವ ಈ ಚೀಲದಲ್ಲಿ ಕೆಲವೊಮ್ಮೆ ಜಠರದ ಪೊರೆಯಿದ್ದು, ಅದು ಸುರಿಸುವ ಆಮ್ಲವು ಪಕ್ಕದ ಕರುಳನ್ನು ಹುಣ್ಣಾಗಿಸುತ್ತದೆ. ಟೆಕ್ನೀಶಿಯಂ ಎಂಬ ವಿಕಿರಣಶೀಲ ಧಾತುವನ್ನು ಬಳಸುವ ಸ್ಕ್ಯಾನ್ ಆ ಪೊರೆಯನ್ನು ಗುರುತಿಸಬಲ್ಲದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಶಂಕೆ ಬಲವಾಗಿದ್ದಲ್ಲಿ, ಲ್ಯಾಪರೋಸ್ಕೋಪಿಯಿಂದ ಹೊಟ್ಟೆಯೊಳಗೆ ನೇರವಾಗಿ ನೋಡಬೇಕಾಗುತ್ತದೆ.

ನಮಸ್ಕಾರ.