ಮುಖ ಸಿಕ್ಕಿತು, ಹೆಸರು ಸಿಗಲಿಲ್ಲ

ಇದೇ ನಮ್ಮ ಹೈಸ್ಕೂಲಿನ ಕೊನೆ ವರ್ಷದ ಗ್ರೂಪ್ ಫೋಟೋ. ಸಣ್ಣ ಊರಿನ ಶಾಲೆ, ಒಂದೇ ಸೆಕ್ಷನ್, 38 ಜನ. ಬಿಟ್ಟು 27 ವರ್ಷ ಆಯಿತು. ಮುಖಗಳನ್ನು ಮಸುಕು ಮಾಡಿದ್ದೇನೆ, ಹೆಸರನ್ನೂ ಹೇಳುವುದಿಲ್ಲ. ಅವರನ್ನು ಯಾರನ್ನೂ ಕೇಳಿಲ್ಲವಲ್ಲ.

ಪ್ರತಿ ಮುಖಕ್ಕೂ ಒಂದು ಹೆಸರು ಬರೆದಿಡಬೇಕು. ಅಷ್ಟೇ ಕೆಲಸ ಅಂದುಕೊಂಡಿದ್ದೆ.

ಈ ಶಾಟ್ ನೋಡಿ. ಇಲ್ಲೇ ಎಡವಟ್ಟಾಗಿದ್ದು. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆ ಫೋಟೋಗೆ ಅಂಟಿಕೊಂಡಿತ್ತು. ಎಳೆದೆ. ಪರ್ ಅಂತ ಬಂತು. ಮಧ್ಯದ ಸಾಲಿನಲ್ಲಿ ಒಂದು ಮುಖ ಪೂರ್ತಿ ಕಿತ್ತುಕೊಂಡು ಹಾಳೆಯ ಜೊತೆ ಹೋಯಿತು. ಈ ಥರದ ಫೋಟೋದಲ್ಲಿ ಚಿತ್ರ ಇರುವುದು ಕಾಗದದಲ್ಲಲ್ಲ, ಅದರ ಮೇಲಿನ ತೆಳು ಜೆಲಟಿನ್ ಪದರದಲ್ಲಿ. ತೇವ ತಾಗಿದರೆ ಅದು ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಹಿಡಿದುಕೊಳ್ಳುತ್ತದೆ. ಒಮ್ಮೆ ಕಿತ್ತು ಬಂದರೆ ಮತ್ತೆ ಕೂರಿಸಲು ಆಗುವುದಿಲ್ಲ. ಮುಂಭಾಗ ಅಂಟಿದ್ದರೆ ದಯವಿಟ್ಟು ಎಳೆಯಬೇಡಿ, ಪ್ಲಾಸ್ಟಿಕ್ ಸಮೇತ ಸ್ಕ್ಯಾನ್ ಮಾಡಿ. ಹಿಂಭಾಗ ಮಾತ್ರ ಅಂಟಿದ್ದರೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರವನ್ನು ಅಡಿಗೆ ತೂರಿಸಿ, ನಿಧಾನಕ್ಕೆ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಬಹುದು. ನಾನು ಇದನ್ನೆಲ್ಲ ಓದಿದ್ದು ಮುಖ ಹೋದ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೇರೆ ಯಾವ ಮುಖವಾಗಿದ್ದರೂ ಇಷ್ಟೇ ನೋಯುತ್ತಿತ್ತು.

ಮರುದಿನ ಸಿಕ್ಕವರಿಗೆಲ್ಲ ಫೋನ್ ಮಾಡಿದೆ. ಮದುವೆಯಾಗಿ ಹೆಸರು ಬದಲಾದ ಗೆಳತಿಯರನ್ನು ಹುಡುಕುವುದಂತೂ ತುಂಬಾ ಕಷ್ಟ. ಕೊನೆಗೆ ಒಬ್ಬಳು ಅಟ್ಟದ ಪೆಟ್ಟಿಗೆಯಿಂದ ತನ್ನ ಪ್ರತಿ ತೆಗೆದು ಕಳಿಸಿದಳು. ನೋಡಿದ ತಕ್ಷಣ ಗೊತ್ತಾಯಿತು, ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗ! ಹೆಸರು? ಅವಳಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಇದು ನಮಗಿಬ್ಬರಿಗೇ ಆಗುವುದಲ್ಲ. ಅಮೆರಿಕದಲ್ಲಿ ಮನಃಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಜೊತೆಗಾರರು 392 ಜನರನ್ನು ಅವರವರ ಹೈಸ್ಕೂಲ್ ಸಹಪಾಠಿಗಳ ಬಗ್ಗೆ ಪರೀಕ್ಷೆ ಮಾಡಿ 1975ರಲ್ಲಿ ಪ್ರಕಟಿಸಿದರು. ಶಾಲೆ ಬಿಟ್ಟು 30 ವರ್ಷ ದಾಟಿದವರೂ ಬೇರೆಯವರ ಫೋಟೋಗಳ ನಡುವೆ ಇಟ್ಟ ಸಹಪಾಠಿಯ ಮುಖವನ್ನು ಹೆಚ್ಚುಕಡಿಮೆ ನೂರಕ್ಕೆ 90 ಸಲ ಗುರುತಿಸಿದರು. ಯಾವ ಸುಳಿವೂ ಇಲ್ಲದೆ ಹೆಸರು ಬರೆಯಿರಿ ಅಂದಾಗ ತುಂಬಾ ಹಿಂದೆ ಬಿದ್ದರು.

ಸರಿ, ಫೋನಿಗೆ ಬರುತ್ತೇನೆ. ಅವಳು ಸುಮ್ನೆ ಹಾಜರಿ ಕೂಗೋಣ ಅಂದಳು. ಒಂದು, ಎರಡು, ಮೂರು... ಟೀಚರ್ ಕೂಗುತ್ತಿದ್ದ ಅದೇ ರಾಗದಲ್ಲಿ. 17 ಆದ ಮೇಲೆ ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು ಅವನ ಹೆಸರು. ಅವಳು ಅತ್ತಳು. ನನಗೂ ಗಂಟಲು ಕಟ್ಟಿತು.

ಸ್ಕ್ಯಾನ್ ಮಾಡಿದರೆ ಸಾಕು, ಕಾಗದ ಯಾಕೆ ಬೇಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತು ವಾಪಸ್. ಫೋಟೋದ ಹಿಂದೆ ಹೆಸರು ಬರೆಯುವಾಗ ಸಿಗುವ ಸಮಾಧಾನ ಫೈಲಿನಲ್ಲಿ ಇಲ್ಲ. ಮೆತ್ತಗಿನ ಪೆನ್ಸಿಲ್ಲಿನಲ್ಲೇ ಬರೆಯಿರಿ, ಒತ್ತಬೇಡಿ. ಬಾಲ್ ಪೆನ್ನಿನ ಗೆರೆ ಫೋಟೋದ ಮುಂಭಾಗದಲ್ಲಿ ಮೂಡುತ್ತದೆ.

ಹಾಜರಿಯಲ್ಲಿದ್ದು ಫೋಟೋದಲ್ಲಿ ಇಲ್ಲದವರು ಮೂವರು, ವರ್ಷದ ಮಧ್ಯೆ ಶಾಲೆ ಬಿಟ್ಟವರು. ಅವರ ಹೆಸರನ್ನೂ ಕೆಳಗೆ ಬರೆದೆ. ಅವರೂ ನಮ್ಮ ಕ್ಲಾಸಿನವರೇ ಅಲ್ವಾ?

ಬೆಳಕು ಹೋಗುತ್ತಿದೆ, ಕ್ಯಾಮೆರಾ ಆಫ್ ಮಾಡುತ್ತೇನೆ. ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕು ಹೆಸರು ಬಾಕಿ ಇದೆ, ರಾತ್ರಿ ಅವಳು ಮತ್ತೆ ಫೋನ್ ಮಾಡುತ್ತಾಳೆ.